ವೇಷ ಕಲಿಯುವ ಮನೆ ನೋಡಲು ಹೋದದ್ದು

ಚಿನ್ನು, ಕುಟ್ಟ,

ಹೋದ ಆದಿತ್ಯವಾರ ಚಿನ್ನು ನನ್ನ ಮಂಚದ ತುದಿಯಲ್ಲಿ ಕುಳಿತು ಫೋನಿನಲ್ಲಿ ಮೂರು ನಾಟಕ ಶಾಲೆಗಳ ಚಿತ್ರ ತೋರಿಸಿ, "ಅಜ್ಜಿ, ನೀವು ಹೇಳಿ, ಯಾವುದಕ್ಕೆ ಸೇರುದು?" ಎಂದು ಕೇಳಿದಳಲ್ಲ. "ನನಗೆ ಎಂತ ಗೊತ್ತುಂಟು ಮಾರಾಯ್ತಿ" ಎಂದು ನಾನು ಸುಮ್ಮನಾದೆ. ನಿಮ್ಮ ಅಪ್ಪ ಒಳಗಿನಿಂದ, "ಅಜ್ಜಿಯನ್ನು ಕೇಳಿದರೆ ಯಕ್ಷಗಾನ ಮೇಳಕ್ಕೆ ಕಳಿಸಿಯಾರು" ಎಂದು ತಮಾಷೆ ಮಾಡಿದ. ಎಲ್ಲರೂ ನಕ್ಕಿರಿ. ನಾನೂ ನಕ್ಕೆ.

ನೀವು ಹೋದ ಮೇಲೆ ನೆನಪಾಯಿತು. ಐದನೇ ಕ್ಲಾಸಿನವರೆಗೆ ಮಾತ್ರ ಹಳ್ಳಿ ಶಾಲೆಗೆ ಹೋದ ನಾನೂ ಒಮ್ಮೆ ಅಂಥದೊಂದು ಶಾಲೆ ಆರಿಸಲು ಹೋದವಳೇ. ಬಾಯಲ್ಲಿ ಹೇಳಲು ನನಗೆ ಮೊದಲಿನಿಂದಲೂ ಸಂಕೋಚ. ಅದಕ್ಕೆ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ಅರೆಭಾಷೆ. ನಿಮಗಿಬ್ಬರಿಗೂ ಅದು ಅಷ್ಟಾಗಿ ಬರುವುದಿಲ್ಲ, ಆದ್ದರಿಂದ ಮಾತುಗಳನ್ನು ಸ್ವಲ್ಪ ಬದಲಿಸಿ ಬರೆದಿದ್ದೇನೆ.

ನನ್ನ ತವರು ಕಡಬದ ಕಡೆ, ಕೊಟ್ಟ ಮನೆ ಸುಳ್ಯದ ಕಡೆ. ಮದುವೆಯಾಗಿ ವರ್ಷ ದಾಟಿದರೂ ಮಾವನ ಎದುರು ನನ್ನ ಧ್ವನಿ ಹೊರಟದ್ದಿಲ್ಲ. ಅವರು ಏನಾದರೂ ಕೇಳಿದರೆ ನಾನು ಅತ್ತೆಗೆ ಹೇಳುತ್ತಿದ್ದೆ, ಅತ್ತೆ ಅವರಿಗೆ ಹೇಳುತ್ತಿದ್ದರು. ಮೂವರೂ ಒಂದೇ ಕೋಣೆಯಲ್ಲಿ ಇದ್ದಾಗಲೂ ಹಾಗೆಯೇ.

ಆ ಮನೆಯಲ್ಲಿ ನನ್ನೊಡನೆ ಮೊದಲು ಸಲಿಗೆಯಿಂದ ಮಾತಾಡಿದವನು ಮೈದುನ, ನಿಮ್ಮ ಅಜ್ಜನ ತಮ್ಮ. ನೀವು ಅವನನ್ನು ಫೋಟೋದಲ್ಲಿ ಮಾತ್ರ ನೋಡಿದ್ದು. ಆಗ ಅವನಿಗೆ ಹದಿನೇಳು ದಾಟಿತ್ತು. ಒಲೆಗೆ ಕಟ್ಟಿಗೆ ತಾ ಎಂದರೆ ಹೆಗಲ ಮೇಲೆ ಗದೆಯಂತೆ ಹೊತ್ತುಕೊಂಡು ಬರುತ್ತಿದ್ದ. ಒಂದು ದಿನ ಅತ್ತೆಯ ಹಳೇ ಸೀರೆ ಉಟ್ಟು, ತಲೆಗೆ ಸೆರಗು ಹಾಕಿ, ಅಂಗಳದ ತುದಿಯಲ್ಲಿ ನಿಂತಿದ್ದ. ಪಕ್ಕದ ಮನೆಯ ಅಜ್ಜಿ, "ಯಾರ ಮನೆಯ ಗೂಡೆ ಅದು, ಚೆಂದ ಉಂಟು" ಎಂದು ಕೇಳಿದರು. ಗೂಡೆ ಎಂದರೆ ನಮ್ಮಲ್ಲಿ ಹುಡುಗಿ. ಅವನಿಗೆ ಅಷ್ಟು ಸಾಕಾಯಿತು. ವೇಷ ಕಲಿಯುತ್ತೇನೆ, ಬೇರೆ ಯಾವ ಕೆಲಸಕ್ಕೂ ಹೋಗುವುದಿಲ್ಲ ಎಂದು ಅಂದೇ ಊಟಕ್ಕೆ ಕುಳಿತಾಗ ಹೇಳಿಬಿಟ್ಟ.

"ವೇಷ ಕಟ್ಟುವವನಿಗೆ ಹೆಣ್ಣು ಯಾರು ಕೊಡ್ತಾರೆ?" ಎಂದರು ಮಾವ.

"ನನಗೆ ಮದುವೆ ಬೇಕು ಅಂತ ನಾನು ಹೇಳಿದ್ದುಂಟಾ?"

"ನೀನು ಹೇಳುದು ಬೇಡ. ಅದು ನಾನು ಹೇಳುವ ಮಾತು."

ಆಮೇಲೆ ಅವರಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ನಿಂತಿತು. ಬಡಿಸುವ ನಮಗೆ ಎರಡೆರಡು ಸಲ ಕೆಲಸ. ಅತ್ತೆ ಮಾವನ ಬಳಿ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಒಂದು ಬೆಳಿಗ್ಗೆ ಮಾವ ಜಗಲಿಯಲ್ಲಿ ಕುಳಿತು ತೀರ್ಮಾನ ಹೇಳಿದರು. ಸರಿಯಾಗಿ ಕಲಿಸುವ ಕಡೆ ಸಿಕ್ಕಿದರೆ ಒಂದು ಮಳೆಗಾಲ ಹೋಗಿ ಕಲಿಯಲಿ. ಪತ್ತನಾಜೆಯ ಒಳಗೆ ಸಿಗದಿದ್ದರೆ ಸುಳ್ಯದಲ್ಲಿ ತಮ್ಮ ಭಾವನ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯಲು ನಿಲ್ಲಲಿ. ಪತ್ತನಾಜೆ ಎಂದರೆ ಬೇಸಗೆಯ ಕೊನೆಗೆ ಬರುವ ದಿನ. ಮೇಳದವರು ಅಂದು ಗೆಜ್ಜೆ ಬಿಚ್ಚುತ್ತಾರೆ, ಮಳೆ ಮುಗಿಯುವವರೆಗೆ ಆಟ ಇರುವುದಿಲ್ಲ.

"ಆದರೆ ಒಂದು ಉಂಟು," ಎಂದರು ಮಾವ. "ಮನೆ ನೋಡದೆ ನನ್ನ ಮಗನನ್ನು ಎಲ್ಲಿಗೂ ಕೊಡುದಿಲ್ಲ."

ನಮ್ಮಲ್ಲಿ ಸಂಬಂಧ ಬೆಳೆಸುವ ಮೊದಲು ಮನೆ ನೋಡುವ ಕ್ರಮ. ಗಂಡಸರು ಜಗಲಿಯಲ್ಲಿ ಕುಳಿತು ಗದ್ದೆ, ತೋಟದ ಮಾತಾಡುತ್ತಾರೆ. ಹೆಂಗಸರು ಒಳಗೆ ಹೋಗಿ ಒಲೆ, ಬಾವಿ, ಕೊಟ್ಟಿಗೆ ನೋಡುತ್ತಾರೆ. ಆ ಮನೆಯ ಹೆಂಗಸರು ನಗುತ್ತಾ ಮಾತಾಡುತ್ತಾರೋ ಹೆದರಿ ಮಾತಾಡುತ್ತಾರೋ ನೋಡುತ್ತಾರೆ. ಗೊತ್ತಿಲ್ಲದವರನ್ನು ಅಳೆಯಲು ಮಾವನಿಗೆ ತಿಳಿದಿದ್ದ ದಾರಿ ಅದೊಂದೇ. ಹಾಗಾಗಿ ನಟನೆ ಕಲಿಸುವವರ ಮನೆ ನೋಡಲು ಅತ್ತೆಯೇ ಹೊರಡಬೇಕಾಯಿತು. ಜೊತೆಗೆ ನಾನು. ಕರೆದುಕೊಂಡು ಹೋಗಲು ನಿಮ್ಮ ಅಜ್ಜ.

ಮೊದಲು ಹೋದದ್ದು ಪುತ್ತೂರಿಗೆ. ಘಟ್ಟದ ಮೇಲಿನ ಒಂದು ನಾಟಕ ಕಂಪನಿ ಆ ಬೇಸಗೆಯಲ್ಲಿ ಅಲ್ಲಿ ಡೇರೆ ಹಾಕಿತ್ತು. ಮೈದುನ ಅದನ್ನು ನೋಡಿ ಮರುಳಾಗಿದ್ದ. ಪರದೆಯ ಮೇಲೆ ಅರಮನೆ, ಅದು ಮೇಲೆ ಹೋದರೆ ಕಾಡು, ಕೆಂಪು ದೀಪ, ನೀಲಿ ದೀಪ, ಹಾರ್ಮೋನಿಯಂ. ಹುಡುಗರನ್ನು ಸೇರಿಸಿಕೊಂಡು ಕಲಿಸುತ್ತೇವೆ ಎಂದು ಮ್ಯಾನೇಜರು ಹೇಳಿದ್ದರಂತೆ. ಕಂಪನಿಯವರು ಪೇಟೆಯ ಪಕ್ಕದ ದರ್ಬೆಯಲ್ಲಿ ಒಂದು ಹಂಚಿನ ಮನೆ ಬಾಡಿಗೆಗೆ ಹಿಡಿದಿದ್ದರು. ಮೈದುನ ಮುಂದೆ, ನಾವು ಹಿಂದೆ ಅಲ್ಲಿಗೆ ಹೋದೆವು. ಮ್ಯಾನೇಜರು ನಿಮ್ಮ ಅಜ್ಜನಿಗೆ ಕುರ್ಚಿ ಹಾಕಿ ಮಾತು ಶುರು ಮಾಡುವಷ್ಟರಲ್ಲಿ ಅತ್ತೆ ಮನೆಯನ್ನು ಸುತ್ತಿ ಸೀದಾ ಹಿತ್ತಿಲಿಗೆ ಹೋಗಿದ್ದರು. "ಅಮ್ಮ, ಇದು ಕಂಪನಿ, ಹಾಗೆಲ್ಲ ಹೋಗ್ಬಾರ್ದು" ಎಂದು ಮೈದುನ ಹಿಂದಿನಿಂದ ಪಿಸುಗುಟ್ಟುತ್ತಿದ್ದ.

ಹಿತ್ತಿಲಲ್ಲಿ ಹಗ್ಗದ ಮೇಲೆ ರಾಣಿಯ ಸೀರೆಗಳು ಒಣಗುತ್ತಿದ್ದವು. ಒಲೆಯಲ್ಲಿ ಬೆಂಕಿ ಇರಲಿಲ್ಲ. ಬಾವಿಕಟ್ಟೆಯ ಹತ್ತಿರ ಒಬ್ಬ ಹೆಂಗಸು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕುಳಿತಿದ್ದರು. ಅವರೇ ನಾಟಕದಲ್ಲಿ ರಾಣಿ. ನಾವು ಯಾರು, ಯಾಕೆ ಬಂದೆವು ಎಂದು ಅತ್ತೆ ಹೇಳಿದ್ದನ್ನು ಕೇಳಿ ನಗಲಿಲ್ಲ. ಕೈ ತೊಳೆದು ಬಂದು, ಒಳಗಿನಿಂದ ಒಂದು ಚಾಪೆ ತಂದು ಹಾಸಿದರು. ಲೋಟ ತೊಳೆದು ನೀರು ಕೊಟ್ಟರು.

"ಮನೆ ನೋಡಾಕ ಬಂದೀರಿ ತಾಯಿ, ಏನಂತ ತೋರಸ್ಲಿ?" ಎಂದರು. "ನಮ್ಮದು ಈ ತಿಂಗಳು ಇಲ್ಲಿ, ಮುಂದಿನ ತಿಂಗಳು ಇನ್ನೆಲ್ಲೋ. ಹೋಟೆಲಿನಿಂದ ಬಂದದ್ದು ಉಣ್ಣೂದು."

"ಹುಡುಗರಿಗೆ ಕಲಿಸುದು ಯಾರು?" ಎಂದು ಅತ್ತೆ ಕೇಳಿದರು.

"ಕಲಸೋರು ಅಂತ ಯಾರೂ ಇಲ್ರಿ. ಪರದೆ ಎಳಕೋತ ನೋಡಿ ಕಲೀಬೇಕು. ಯಾರರ ಜಡ್ಡು ಬಿದ್ದ ದಿನ ಇವನ್ನ ನಿಲ್ಲಸ್ತಾರ. ನಾ ಹಂಗೇ ಕಲ್ತೆ. ನನಗ ಬ್ಯಾರೆ ದಾರಿ ಇರಲಿಲ್ಲ. ನಿಮ್ಮ ಹುಡುಗಗ ಮನಿ ಐತಲ್ಲ, ಯಾರರ ಕೂಡಿಸಿಕೊಂಡು ಕಲಸೋರ ಕಡೆ ಹಾಕ್ರಿ."

ಅವರ ಕಂಪನಿಗೆ ಹುಡುಗರು ಬೇಕಾಗಿದ್ದರು. ಸುಮ್ಮನಿದ್ದರೆ ಆಗುತ್ತಿತ್ತು. ಆದರೂ ಇದ್ದದ್ದು ಇದ್ದ ಹಾಗೆ ಹೇಳಿದರು. ಅವರ ಹೆಸರು ಕೇಳಬೇಕೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದರೂ ಕೇಳುವ ಧೈರ್ಯ ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಬಹಳ ಸಲ ಅವರನ್ನು ನೆನೆಸಿಕೊಂಡಿದ್ದೇನೆ.

ವಾಪಸು ಬರುವಾಗ ಮೈದುನ ಬಸ್ಸಿನ ಕೊನೆಯ ಸೀಟಿನಲ್ಲಿ ಮುಖ ಆಚೆ ಮಾಡಿ ಕುಳಿತ. "ಒಲೆ ನೋಡಿ ಕಂಪನಿ ಬೇಡ ಹೇಳುವವರು ಲೋಕದಲ್ಲಿ ನೀವು ಮಾತ್ರ" ಎಂದು ಮನೆಗೆ ಬಂದ ಮೇಲೆ ಹೇಳಿದ. ಅತ್ತೆ ಸಿಟ್ಟಾಗಲಿಲ್ಲ. "ಹಸಿವಾದಾಗ ನಿನಗೂ ಒಲೆಯ ನೆನಪಾಗ್ತದೆ ಮಗಾ" ಎಂದರು.

ಇನ್ನು ಪತ್ತನಾಜೆಗೆ ಹೆಚ್ಚು ದಿನ ಇರಲಿಲ್ಲ. ಆಗ ನನ್ನ ತವರಿನಿಂದ ಅಣ್ಣ ಬಂದಿದ್ದ. ಕಡಬದ ಕಡೆ ಒಬ್ಬರು ಗೌಡರು ಯಕ್ಷಗಾನ ಕಲಿಸುತ್ತಾರೆ, ಅವರು ಮೇಳದಲ್ಲಿ ಬಹಳ ಕಾಲ ಸ್ತ್ರೀವೇಷ ಮಾಡಿದವರು, ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲೇ ಹೆಜ್ಜೆ, ಮಾತು ಎರಡೂ ಹೇಳಿಕೊಡುತ್ತಾರೆ ಎಂದ. ಮೈದುನನಿಗೆ ಪರದೆಯೂ ದೀಪವೂ ಇಲ್ಲದ ಆ ಜಾಗ ಅಷ್ಟೇನೂ ಹಿಡಿಸಲಿಲ್ಲ. ಆದರೆ ಜವಳಿ ಅಂಗಡಿ ಇನ್ನೂ ಹಿಡಿಸುತ್ತಿರಲಿಲ್ಲ. "ನೋಡಿ ಬನ್ನಿ" ಎಂದ. ಪುತ್ತೂರಿನ ಅನುಭವದ ನಂತರ ಅವನು ಬರಲು ಒಪ್ಪಲಿಲ್ಲ. "ಮನೆ ನೋಡಲಿಕ್ಕೆ ಹುಡುಗ ಹೋಗುದು ಕ್ರಮವೂ ಅಲ್ಲ" ಎಂದು ಮಾವನೂ ಹೇಳಿದರು. ಅಣ್ಣ ಊರಿಗೆ ಮರಳಿ, ಆ ಗೌಡರ ನೆರೆಯವರ ಮೂಲಕ ಒಂದು ಮಾತು ಮುಟ್ಟಿಸಿದ: ಸುಳ್ಯದ ಕಡೆಯಿಂದ ಒಳ್ಳೆಯ ಮನೆತನದವರು, ನಮ್ಮವರೇ, ಇಂಥ ದಿನ ಮನೆ ನೋಡಲು ಬರುತ್ತಾರೆ. ಅಷ್ಟೇ ಹೇಳಿದ್ದು. ಮನೆಯಲ್ಲಿ ಮದುವೆಗೆ ಬಂದ ಮಗಳಿರುವವರು ಅಂಥ ಮಾತು ಕೇಳಿ ಬೇರೆ ಏನು ತಿಳಿದಾರು?

ಮಾವ ಬರಿಗೈಯಲ್ಲಿ ಹೋಗಬೇಡಿ ಎಂದು ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಕದಳಿ ಹಣ್ಣು ಕೊಟ್ಟು ಕಳಿಸಿದರು. ಅತ್ತೆ ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದರು. ನನಗೂ ಮದುವೆಯ ಸೀರೆ ಉಡಲು ಹೇಳಿದರು. ಬಸ್ಸು ಬದಲಿಸಿ, ಇಳಿದ ಮೇಲೆ ಗದ್ದೆಯ ಬದುವಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆದೆವು. ದೂರದಿಂದ ನೋಡಿದವರಿಗೆ ನಾವು ಯಾವ ಕೆಲಸಕ್ಕೆ ಹೊರಟವರಂತೆ ಕಂಡಿರಬಹುದು ಎಂದು ಈಗ ನೆನೆದರೆ ನಗು ಬರುತ್ತದೆ.

ಮನೆಯ ಅಂಗಳ ಆ ದಿನ ಬೆಳಿಗ್ಗೆಯೇ ಸಗಣಿ ಸಾರಿಸಿದಂತಿತ್ತು. ಗೌಡರು ಗದ್ದೆಗೆ ಹೋಗಿದ್ದರು, ಕರೆಯಲು ಆಳು ಹೋದ. ಅವರ ಹೆಂಡತಿ ಕಾಲಿಗೆ ನೀರು ಕೊಟ್ಟು, ನೀರು ಬೆಲ್ಲ ಕೊಟ್ಟು ನಮ್ಮನ್ನು ಒಳಗೆ ಕರೆದರು. ಅವರು ತುಳು, ಅತ್ತೆ ಅರೆಭಾಷೆ. ಇಬ್ಬರಿಗೂ ಇನ್ನೊಬ್ಬರದು ತಿಳಿಯುತ್ತಿತ್ತು. ಅತ್ತೆ ಒಲೆ ನೋಡಿದರು. ಚೆನ್ನಾಗಿ ಉರಿಯುತ್ತಿತ್ತು. ಬಾವಿ ನೋಡಿದರು. ನನ್ನನ್ನು ನೋಡಿ ತಲೆ ಆಡಿಸಿದರು.

ಮಗಳು ಕಾಫಿ, ಅವಲಕ್ಕಿ ತಂದಿಟ್ಟಳು. ನನ್ನ ವಯಸ್ಸಿನವಳೇ. ತಲೆತುಂಬ ಮಲ್ಲಿಗೆ ಮುಡಿದಿದ್ದಳು. ಮನೆಯೊಳಗೆ ಕೆಲಸ ಮಾಡುವವಳು ಮಧ್ಯಾಹ್ನದ ಹೊತ್ತು ಇಷ್ಟು ಮಲ್ಲಿಗೆ ಯಾಕೆ ಮುಡಿದಳೋ ಎಂದು ನನಗೆ ಅನಿಸಿತು. ಅಷ್ಟಕ್ಕೇ ಬಿಟ್ಟೆ.

"ಹುಡುಗ ಹೇಗೆ?" ಎಂದು ಆ ತಾಯಿ ಕೇಳಿದರು.

"ಒಳ್ಳೆಯವನು. ಸ್ವಲ್ಪ ಹಠ ಉಂಟು."

"ಹಠ ಇಲ್ಲದ ಗಂಡಸು ಎಲ್ಲಿದ್ದಾನೆ. ಎಂತೆಲ್ಲ ಬರ್ತದೆ?"

ಅತ್ತೆಗೆ ಹುರುಪು ಬಂತು. "ಸೀರೆ ಉಡಲಿಕ್ಕೆ ಚೆಂದ ಬರ್ತದೆ. ಉಟ್ಟು ನಿಂತರೆ ಹೆಣ್ಣೇ ಅನ್ನಬೇಕು, ಅಷ್ಟು ಚೆಂದ ಕಾಣ್ತಾನೆ."

ಆ ತಾಯಿಯ ಮುಖ ಹೇಗೋ ಆಯಿತು. ಮಗಳು ಬಾಗಿಲಿನ ಆಚೆ ಸರಿದಳು. ಅತ್ತೆ ಏನನ್ನೂ ಗಮನಿಸದೆ ತಮ್ಮ ಮನಸ್ಸಿನಲ್ಲಿದ್ದ ದೊಡ್ಡ ಪ್ರಶ್ನೆ ಕೇಳಿಯೇಬಿಟ್ಟರು: "ತಪ್ಪು ಮಾಡಿದರೆ ಇಲ್ಲಿ ಹೊಡೆಯುದು ಉಂಟಾ?"

"ಅಯ್ಯೋ ದೇವರೇ, ಇಷ್ಟರವರೆಗೆ ನಾವು ಕೈ ಎತ್ತಿದ್ದಿಲ್ಲ," ಎಂದರು ಅವರು. "ಯಾಕೆ ಕೇಳ್ತೀರಿ? ನಿಮ್ಮಲ್ಲಿ ಹೊಡೀತೀರಾ?"

ಅಷ್ಟು ಹೊತ್ತಿಗೆ ಗೌಡರು ಬಂದ ಸದ್ದು ಕೇಳಿತು. ಜಗಲಿಯಲ್ಲಿ ನಿಮ್ಮ ಅಜ್ಜನ ಎದುರು ಕುಳಿತು, ಎಲೆ ಅಡಿಕೆ ಮುಂದಿಟ್ಟು, ನಮ್ಮವರು ಇಂಥ ವಿಷಯಕ್ಕೆ ಕುಳಿತಾಗ ಗಂಡಸರು ಕೇಳುವ ಮಾತನ್ನು ಕೇಳಿದರು: "ನಿಮ್ಮದು ಯಾವ ಬಳಿ?"

ಬಳಿ ಎಂದರೆ ಕುಲದ ಹೆಸರು ಮಕ್ಕಳೇ. ಒಂದೇ ಬಳಿಯವರು ಅಣ್ಣತಂಗಿಯರ ಲೆಕ್ಕ, ಎಷ್ಟೇ ದೂರದವರಾದರೂ ಮದುವೆ ಕೂಡದು. ನಿಮ್ಮ ಅಜ್ಜ ನಮ್ಮ ಬಳಿಯ ಹೆಸರು ಹೇಳಿದರು.

"ಛೆ," ಎಂದರು ಗೌಡರು. "ನಮ್ಮದೂ ಅದೇ. ಹಾಗಾದರೆ ಇದು ಆಗಲಿಕ್ಕಿಲ್ಲ ಮಾರಾಯ್ರೆ."

ಒಳಗೆ ಅತ್ತೆಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಆಗಲಿಕ್ಕಿಲ್ಲವಂತೆ" ಎಂದು ನನ್ನನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು. ಅವರಿಗೆ ಕಂಡದ್ದು ಜವಳಿ ಅಂಗಡಿ, ಅದರಲ್ಲಿ ಗಜಕಡ್ಡಿ ಹಿಡಿದು ನಿಂತ ಮಗ. ನನಗೆ ಕಂಡದ್ದು ಮಲ್ಲಿಗೆ. ಆಗ ಎಲ್ಲವೂ ಒಟ್ಟಿಗೆ ತಿಳಿಯಿತು.

ನಿಮ್ಮ ಅಜ್ಜ ಹೊರಗೆ ಏನೂ ಅರ್ಥವಾಗದೆ, ಆಗಲಿ ಎಂದು ಏಳಲು ಹೊರಟಿದ್ದರು. ಅವರು ಅಂಗಳಕ್ಕೆ ಇಳಿದರೆ ಮುಗಿಯಿತು. ನನ್ನ ಮನೆಯ ಗಂಡಸರ ಎದುರೇ ಮಾತಾಡದವಳು ನಾನು. ಪರರ ಮನೆಯ ಬಾಗಿಲ ದಾರಂದ ಹಿಡಿದು, ಮುಖ ಹೊರಗೆ ಹಾಕದೆ, ನನ್ನ ತವರಿನ ತುಳುವಿನಲ್ಲಿ ಹೇಳಿಬಿಟ್ಟೆ: "ನಾವು ಹೆಣ್ಣು ಕೇಳಲಿಕ್ಕೆ ಬಂದದ್ದಲ್ಲ. ಹುಡುಗನಿಗೆ ವೇಷ ಕಲಿಸ್ತೀರಾ ಅಂತ ಕೇಳಲಿಕ್ಕೆ ಬಂದದ್ದು."

ಮೊದಲು ನಕ್ಕವಳು ಆ ಮಗಳು. ಬಾಗಿಲಿನ ಆಚೆಯಿಂದ ತಡೆಯಲಾರದೆ ನಕ್ಕಳು. ಆಮೇಲೆ ಅವಳ ತಾಯಿ, "ಹಾಗಾದರೆ ಸೀರೆ ಉಡುದು ಅದಕ್ಕಾ! ನಾನು ಎಂತ ಹುಡುಗನಪ್ಪ ಅಂದುಕೊಂಡೆ" ಎಂದು ಹೊಟ್ಟೆ ಹಿಡಿದು ನಕ್ಕರು. ಹೊರಗೆ ಗೌಡರ ನಗು ಹೊಲದ ಆಚೆಗೂ ಕೇಳಿರಬೇಕು. ಅತ್ತೆ ಮಾತ್ರ ನಗುವುದೋ ಅಳುವುದೋ ತಿಳಿಯದೆ ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಆದರೆ ತೊಡಕು ಅಲ್ಲಿಗೆ ಮುಗಿಯಲಿಲ್ಲ. ಗೌಡರು ನಗು ನಿಲ್ಲಿಸಿ, ತಾವು ಕಲಿಸುವುದು ಊರಿನ ಹುಡುಗರಿಗೆ ಮಾತ್ರ, ಅವರು ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ ಎಂದರು. "ಬೆಳೆದ ಮಗಳಿರುವ ಮನೆ. ಪರವೂರಿನ ಹುಡುಗನನ್ನು ಇಟ್ಟುಕೊಂಡರೆ ನಾಳೆ ಜನ ಎಂತ ಹೇಳ್ತಾರೆ? ನೀವೇ ಹೇಳಿ." ಸುಳ್ಯದಿಂದ ದಿನಾ ಬಂದು ಹೋಗುವುದು ಆಗದ ಮಾತು.

ಉತ್ತರ ಕೊಟ್ಟವರು ಗೌಡರ ಹೆಂಡತಿ. ಕಾಫಿ ಪಾತ್ರೆ ಎತ್ತಿಕೊಂಡು ಬಾಗಿಲಿಗೆ ಬಂದು, "ಯಾವ ಜನ ಎಂತ ಹೇಳುದು? ಒಂದೇ ಬಳಿ ಅಲ್ವಾ?" ಎಂದರು. "ಇವಳಿಗೆ ಅಣ್ಣ ಆಗ್ತಾನೆ. ನನಗೆ ಗಂಡುಮಕ್ಕಳೂ ಇಲ್ಲ. ಚಾವಡಿಯಲ್ಲಿ ಮಲಗಲಿ, ನಮ್ಮ ಜೊತೆ ಉಣ್ಣಲಿ."

ಗೌಡರು ಹೆಂಡತಿಯನ್ನು ನೋಡಿದರು. ಆಮೇಲೆ ಒಂದು ವೀಳ್ಯದೆಲೆ ಎತ್ತಿಕೊಂಡು ಸುಣ್ಣ ಹಚ್ಚಲು ಶುರು ಮಾಡಿದರು. ಅದೇ ಒಪ್ಪಿಗೆ. ನಾವು ಹೊರಡುವ ಮೊದಲು ಅತ್ತೆಯನ್ನು ಕರೆದು ಚಾವಡಿ ತೋರಿಸಿದರು. ತಾಳ ತಟ್ಟುವ ಮರದ ಹಲಗೆಯೊಂದು ಗೋಡೆಗೆ ಒರಗಿತ್ತು, ಮೇಲೆಲ್ಲ ಕೋಲಿನ ಗುರುತು. "ಹೊಡೆಯುದು ಉಂಟಾ ಅಂತ ಕೇಳಿದ್ರಂತಲ್ಲ, ನಾನು ಹೊಡೆಯುದು ಇದಕ್ಕೆ" ಎಂದರು.

ಬಸ್ಸಿಗೆ ಕಾಯುವಾಗ ನಿಮ್ಮ ಅಜ್ಜ, "ನಿನಗೆ ಇಷ್ಟು ದೊಡ್ಡ ಸ್ವರ ಉಂಟು ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ಮನೆಗೆ ಬಂದು ನಡೆದದ್ದನ್ನು ಮಾವನಿಗೆ ಹೇಳಿದಾಗ ಅವರು ಮೊದಲ ಸಲ ನೇರ ನನ್ನನ್ನೇ ಕೇಳಿದರು: "ಮನೆ ಹೇಗುಂಟು?" ನಾನೂ ನೇರ ಅವರಿಗೇ ಉತ್ತರ ಹೇಳಿದೆ: "ಒಳ್ಳೇದುಂಟು ಮಾವ."

ಪತ್ತನಾಜೆ ಕಳೆದ ಮೇಲೆ ಮೈದುನ ಒಂದು ಚಾಪೆ, ಎರಡು ಪಂಚೆ ಕಟ್ಟಿಕೊಂಡು ಹೋದ. ಮಳೆಯ ನಡುವೆ ಒಮ್ಮೆ ನಿಮ್ಮ ಅಜ್ಜ ನೋಡಿ ಬಂದರು. ಗೌಡರು ಅವನಿಗೆ ಕುಣಿತ ಇನ್ನೂ ಕಲಿಸಿರಲಿಲ್ಲ, ಬರೀ ನಡೆಯಲು ಹೇಳುತ್ತಿದ್ದರಂತೆ. ಅವನು ಹೆಣ್ಣಿನಂತೆ ಇಲ್ಲದ ಕೊಡ ಹೊತ್ತು ನಡೆದಾಗ ಆ ಹುಡುಗಿ ಬಾವಿಕಟ್ಟೆಯಿಂದಲೇ, "ಅಣ್ಣ, ನಿನ್ನ ಕೊಡದಲ್ಲಿ ನೀರಿಲ್ಲ" ಎಂದು ಹಾಸ್ಯ ಮಾಡುತ್ತಿದ್ದಳಂತೆ. ಮತ್ತೆ ನಡೆದರೆ, "ಈಗ ನೀರುಂಟು, ಆದರೆ ಕೊಡ ತೂತು." ಗೌಡರು ಕೇಳಿಯೂ ಕೇಳದ ಹಾಗೆ ಹಲಗೆ ತಟ್ಟುತ್ತಾ ಇರುತ್ತಿದ್ದರಂತೆ. ಅವಳು ಹೇಳುವುದು ಸರಿಯಾಗಿದ್ದಾಗ ತಟ್ಟುವುದನ್ನು ನಿಲ್ಲಿಸುತ್ತಿದ್ದರಂತೆ. ಪುತ್ತೂರಿನ ಪರದೆಯ ಮಾತು ಅವನ ಬಾಯಲ್ಲಿ ಮತ್ತೆ ಬಂದದ್ದನ್ನು ನಾನು ಕೇಳಿಲ್ಲ.

ದೀಪಾವಳಿಗೆ ಮನೆಗೆ ಬಂದ. ಮಾವ ಜಗಲಿಯಲ್ಲಿ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿದ್ದರು. "ಎಂತ ಕಲಿತೆ, ತೋರಿಸು" ಎಂದರು. ಒಂದು ಮಳೆಗಾಲದ ಮಾತು ಆಗಿತ್ತಲ್ಲ, ಅದು ಮುಗಿದಿತ್ತು. ನಾನೂ ಅತ್ತೆಯೂ ಬಾಗಿಲಲ್ಲಿ ನಿಂತೆವು. ಅತ್ತೆ ನನ್ನ ಕೈ ಹಿಡಿದುಕೊಂಡರು.

ಅವನು ಸೀರೆ ಉಡಲಿಲ್ಲ. ಉಟ್ಟ ಪಂಚೆಯಲ್ಲೇ ಅಂಗಳದ ತುದಿಗೆ ಹೋಗಿ ಅಲ್ಲಿಂದ ಜಗಲಿಯ ಕಡೆ ನಡೆದು ಬಂದ. ಸೊಂಟದಲ್ಲಿ ಕೊಡ ಇರಲಿಲ್ಲ, ಆದರೆ ಇತ್ತು. ತುಂಬಿದ ಕೊಡ. ಒಂದು ಬದಿಗೆ ವಾಲಿ, ಇನ್ನೊಂದು ಕೈಯನ್ನು ಸ್ವಲ್ಪ ಆಚೆ ಹಿಡಿದು, ಮೆಟ್ಟಿಲು ಹತ್ತಿ ಮಾವನ ಪಕ್ಕದಿಂದಲೇ ಹಾದ. ಹಾಯುವಾಗ ಕೊಡ ತುಳುಕಿದಂತೆ ಸೊಂಟ ಸ್ವಲ್ಪ ಅಲುಗಿತು. ಮಾವ ಚಾಚಿದ್ದ ಕಾಲನ್ನು ಥಟ್ಟನೆ ಎಳೆದುಕೊಂಡರು.

ಎಳೆದುಕೊಂಡ ಮೇಲೆ ಕಾಲು ನೋಡಿಕೊಂಡರು. ಒದ್ದೆಯಾಗಿರಲಿಲ್ಲ. ನಾವು ಯಾರೂ ನಗಲಿಲ್ಲ.

"ಯಾವ ಮೇಳಕ್ಕೆ ಸೇರುದು ಅಂತ ಗೌಡರನ್ನೇ ಕೇಳು" ಎಂದರು ಮಾವ. ಆ ದಿನ ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಉಂಡರು. ಜವಳಿ ಅಂಗಡಿಗೆ ಬೇರೆ ಯಾರೋ ಸೇರಿದರು.

ಆಮೇಲೆ ಅವನು ಮೇಳದೊಡನೆ ಊರೂರಿಗೆ ಬಹಳ ವರ್ಷ ತಿರುಗಾಟ ಮಾಡಿದ. ಮದುವೆಯೂ ಆಯಿತು, ಮಾವನ ಭಯ ಸುಳ್ಳಾಯಿತು. ಅದಕ್ಕೂ ಮೊದಲೇ ನಡೆದ ಗೌಡರ ಮಗಳ ಮದುವೆಯಲ್ಲಿ ಅಣ್ಣ ಮಾಡಬೇಕಾದ ಕೆಲಸವನ್ನೆಲ್ಲ ಅವನೇ ಮಾಡಿದ. ಚಪ್ಪರ ಹಾಕಿಸಿದ್ದು, ಬಂದವರಿಗೆ ನೀರು ಕೊಟ್ಟದ್ದು, ಅವಳನ್ನು ಗಂಡನ ಮನೆಗೆ ಬಿಟ್ಟು ಬಂದದ್ದು. ನಾವೆಲ್ಲರೂ ಹೋಗಿದ್ದೆವು. ಗೌಡರ ಹೆಂಡತಿ ನೆಂಟರ ಎದುರು ಅತ್ತೆಯನ್ನು ತೋರಿಸಿ, "ಇವರು ಸೀರೆ ಉಡುವ ಹುಡುಗನನ್ನು ತಂದವರು" ಎಂದು ಪರಿಚಯ ಮಾಡಿಸಿದರು.

ನನಗೆ ಅವರೆಲ್ಲರ ಮೇಲೆ ಇರುವ ಕೃತಜ್ಞತೆಯನ್ನು ಹೇಗೆ ಬರೆಯುವುದೆಂದು ತಿಳಿಯುವುದಿಲ್ಲ. ಆ ಬಾವಿಕಟ್ಟೆಯ ರಾಣಿ, ಕಾಫಿ ಪಾತ್ರೆ ಹಿಡಿದು ಬಾಗಿಲಿಗೆ ಬಂದ ತಾಯಿ, ಹೆದರಿದರೂ ಮಗನಿಗಾಗಿ ಹೊರಟ ಅತ್ತೆ, ಕಾಲು ಎಳೆದುಕೊಂಡದ್ದಕ್ಕೆ ನಾಚದ ಮಾವ. ರಾಣಿ ಎಲ್ಲಿದ್ದಾರೋ ತಿಳಿಯದು, ಉಳಿದವರು ಯಾರೂ ಈಗ ಇಲ್ಲ. ನಿಮ್ಮ ಅಜ್ಜನೂ ಇಲ್ಲ. ಆ ಬಸ್‌ಸ್ಟ್ಯಾಂಡಿನ ಮಾತಿನ ನಂತರ ಅವರು ಮನೆಯ ಯಾವ ವಿಷಯಕ್ಕೂ ನನ್ನನ್ನು ಕೇಳದೆ ಹೂಂ ಅಂದವರಲ್ಲ.

ಚಿನ್ನು, ನೀನು ತೋರಿಸಿದ ಮೂರು ಶಾಲೆಗಳಲ್ಲಿ ಯಾವುದು ಒಳ್ಳೆಯದೆಂದು ಚಿತ್ರ ನೋಡಿ ನಾನು ಹೇಳಲಾರೆ. ಮೂರಕ್ಕೂ ಹೋಗಿ ಬಾ. ರಂಗಮಂಟಪ ನೋಡಿದ ಮೇಲೆ ಹಿಂದಿನ ಬಾಗಿಲಿನಿಂದ ಅಡುಗೆಮನೆಗೂ ಹೋಗು. ಅಲ್ಲಿ ಕಲಿಯುವ ಹುಡುಗಿಯರು ಯಾರಾದರೂ ಒಬ್ಬಳೇ ಕುಳಿತಿದ್ದರೆ ಅವಳನ್ನು ಕೇಳು. ಅವಳ ಹೆಸರನ್ನೂ ಕೇಳಿಕೊಂಡು ಬಾ. ಒಬ್ಬಳೇ ಹೋಗಲು ಸಂಕೋಚವಾದರೆ ನನ್ನನ್ನು ಕರೆದುಕೊಂಡು ಹೋಗು. ಮೊಣಕಾಲು ನೋವು ಉಂಟು, ಆದರೆ ಕಾರಿನಲ್ಲಿ ಕುಳಿತುಕೊಳ್ಳಲು ಏನೂ ತೊಂದರೆ ಇಲ್ಲ.

ಈ ಹಾಳೆಗಳನ್ನು ಚಿನ್ನುವಿನ ಕೈಯಲ್ಲೇ ಬಿಡಬೇಡ ಕುಟ್ಟ, ಅವಳು ಓದಿ ಎಲ್ಲಿಯೋ ಇಟ್ಟು ಮರೆಯುತ್ತಾಳೆ. ಓದಲು ಕೊಟ್ಟು, ಓದಿದ ಮೇಲೆ ವಾಪಸು ತೆಗೆದುಕೋ. ಮೈದುನನ ಫೋಟೋದ ಹಿಂದೆ ರಟ್ಟು ಉಂಟಲ್ಲ, ಅದನ್ನು ಬಿಚ್ಚಿ ಒಳಗೆ ಸೇರಿಸಿ ಇಡು. ಗೋಡೆಗೆ ತಾಗಿಸಬೇಡ, ಒರಲೆ ಹಿಡಿಯುತ್ತದೆ. ಮುಂದೆ ಯಾರಾದರೂ ಫೋಟೋ ನೋಡಿ ಈ ಚೆಂದದ ಹೆಂಗಸು ಯಾರು ಎಂದು ಕೇಳಿದರೆ, ತೆಗೆದು ಓದಲು ಕೊಡು.